ನಿಮ್ಮ ಮನೆ ಮಗನ ಮೆಸೇಜು ಬಂತಾ?

ನಿಮ್ಮ ಫೋನಿಗೂ ಬಂದಿರುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗಲೇ ಬರುವ ಶುಭಾಶಯದ ಫೋಟೊ. ಮೇಲೆ ದೇವರು, ಮೂಲೆಯಲ್ಲಿ ಸಣ್ಣ ಸಣ್ಣ ದುಂಡನೆ ಚಿತ್ರಗಳಲ್ಲಿ ಪಕ್ಷದ ದೊಡ್ಡವರು, ಕೆಳಗೆ ಅರ್ಧ ಸ್ಕ್ರೀನ್ ತುಂಬಾ ಬಿಳಿ ಅಂಗಿ ಹಾಕಿ ಕೈಮುಗಿದು ನಿಂತ ಒಬ್ಬರು. ಹೆಸರಿನ ಕೆಳಗೆ ಒಂದು ಸಾಲು: ‘ನಿಮ್ಮ ಮನೆ ಮಗ’. ಒಂದು ಯುಗಾದಿಗೆ ನಮ್ಮ ಫೋನಿಗೆ ಇಂಥ ಏಳು ಜನ ಮನೆ ಮಕ್ಕಳು ಬಂದಿದ್ದರು. ಏಳರಲ್ಲಿ ಇಬ್ಬರದ್ದು ಒಂದೇ ಫೋಟೊ, ತಲೆ ಮಾತ್ರ ಬೇರೆ. ಮಾಡಿಕೊಟ್ಟ ಡಿಟಿಪಿ ಅಂಗಡಿ ಒಂದೇ ಇರಬೇಕು.

ನಾವು ಬೈರಕೂರು ಕಡೆಯಿಂದ ಸುದ್ದಿ ಕಳಿಸುವ ಸ್ಟ್ರಿಂಗರ್‌ಗಳು. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಡಿಪ್ಲೊಮಾ ಓದುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂದು ಕೇಳಬೇಕೆಂದು ಕಲಿಸಿದ್ದರು. ಈಗ ಬರುವ ಪ್ರೆಸ್‌ನೋಟುಗಳಲ್ಲಿ ‘ಯಾರು’ ಎಂಬುದಕ್ಕೇ ಅರ್ಧ ಪುಟ ಖರ್ಚಾಗಿರುತ್ತದೆ. ‘ಸರಳ ಸಜ್ಜನಿಕೆಯ’, ‘ದೀನದಲಿತರ ಆಶಾಕಿರಣ’, ‘ಕೊಡುಗೈ ದಾನಿ’, ‘ಯುವಕರ ಕಣ್ಮಣಿ’, ‘ಬಡವರ ಬಂಧು’. ಈ ವಿಶೇಷಣ ಕಿತ್ತುಹಾಕಿ ಒಳಗೆ ಸುದ್ದಿ ಇದೆಯಾ ಎಂದು ಹುಡುಕುವುದೇ ನಮ್ಮ ಅರ್ಧ ಕೆಲಸ. ಜುಲೈ 1ರ ಪತ್ರಿಕಾ ದಿನಾಚರಣೆ ಬಂದರೆ ಡಿವಿಜಿ ನಮ್ಮ ಮುಳಬಾಗಿಲಿನಲ್ಲೇ ಹುಟ್ಟಿದವರು ಎಂದು ವೇದಿಕೆಯ ಮೇಲೆ ನೆನೆಸಿಕೊಳ್ಳುತ್ತಾರೆ. ಆ ಭಾಷಣದ ಪ್ರೆಸ್‌ನೋಟಿನಲ್ಲೂ ಭಾಷಣ ಮಾಡಿದವರು ಕೊಡುಗೈ ದಾನಿಯೇ ಆಗಿರುತ್ತಾರೆ.

ಮೊದಲು ಈ ಮಾತುಗಳೆಲ್ಲಾ ಗೋಡೆ ಮೇಲೆ, ಆಮೇಲೆ ಫ್ಲೆಕ್ಸ್ ಮೇಲೆ ಇದ್ದವು. ಗೋಡೆ ಬರಹಕ್ಕೆ ಮನೆಯವರ ಒಪ್ಪಿಗೆ ಬೇಕು, ಫ್ಲೆಕ್ಸಿಗೆ ಪಂಚಾಯಿತಿಯವರು ಕಿತ್ತುಹಾಕುವ ಭಯ. ಫೋನಿಗೆ ಅದ್ಯಾವುದೂ ಇಲ್ಲ. 2018ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆಯನ್ನು ವಿದೇಶಿ ಪತ್ರಿಕೆಗಳು ‘ವಾಟ್ಸ್‌ಆ್ಯಪ್ ಚುನಾವಣೆ’ ಎಂದು ಬರೆದವು. ಆಗ ಒಂದು ಗ್ರೂಪಿಗೆ 256 ಜನ ಎಂಬ ಮಿತಿ ಇತ್ತು, ಈಗ 1024. ನಮ್ಮ ಜಿಲ್ಲೆಯದ್ದೇ ಆದ ಮಾಲೂರಿನಲ್ಲಿ 2023ರಲ್ಲಿ ಘೋಷಣೆಯಾದ ಗೆಲುವಿನ ಅಂತರ 248 ಮತ. ಹಳೇ ಕಾಲದ ಒಂದು ಗ್ರೂಪಿನಷ್ಟೂ ಇಲ್ಲ! ಆ ಎಣಿಕೆಯ ತಕರಾರು ಕೋರ್ಟಿಗೂ ಹೋಯಿತು. ಇಂಥ ಕಡೆ ನಿಮ್ಮ ಒಂದು ಗ್ರೂಪನ್ನು ಯಾವ ಅಭ್ಯರ್ಥಿ ಬಿಡುತ್ತಾರೆ ಹೇಳಿ.

ಈಗ ಮಾತಿನ ವಿಷಯಕ್ಕೆ ಬರೋಣ. ನಮ್ಮದು ಆಂಧ್ರದ ಗಡಿ. ಶಾಲೆ, ನಾಡಕಚೇರಿ, ಪೇಪರು ಕನ್ನಡದಲ್ಲಿ. ಎಷ್ಟೋ ಮನೆಗಳ ಒಲೆ ಮುಂದಿನ ಮಾತು ತೆಲುಗಿನಲ್ಲಿ. ಪ್ರಚಾರವೂ ಹಾಗೇ ಎರಡು ಪದರ. ಪೋಸ್ಟರಿನ ಬರಹ ಅಚ್ಚುಕಟ್ಟಾದ ಕನ್ನಡ, ಬಹಳಷ್ಟು ಸಲ ಬೆಂಗಳೂರಿನಲ್ಲಿ ಕೂತವರು ಬರೆದದ್ದು. ವಾಯ್ಸ್ ಮೆಸೇಜು ಮಾತ್ರ ತೆಲುಗು. ವೇದಿಕೆ ಮೇಲೆ ಗಮನಿಸಿ: ‘ಗಣ್ಯರೇ, ಬಂಧುಗಳೇ’ ಎಂದು ಕನ್ನಡದಲ್ಲಿ ಶುರು ಮಾಡುತ್ತಾರೆ. ಎದೆ ಮುಟ್ಟಿಕೊಳ್ಳುವ ಹೊತ್ತಿಗೆ ತೆಲುಗಿಗೆ ಜಾರುತ್ತಾರೆ. ಸಂಜೆ ರೀಲ್ಸ್‌ನಲ್ಲಿ ಬರುವುದು ಆ ತೆಲುಗಿನ ಮೂವತ್ತು ಸೆಕೆಂಡು, ಹಿಂದೆ ‘ಪುಷ್ಪ’ ಸಿನಿಮಾದ ಮ್ಯೂಸಿಕ್ಕು, ಗಡ್ಡದ ಕೆಳಗೆ ಕೈ ಆಡಿಸುವ ಹುಡುಗರು.

ತೆಲುಗು ಮಾತಾಡುವವರಿಗೆ ಹೇಳಬೇಕಾಗಿಲ್ಲ, ಕನ್ನಡದ ಮನೆಯವರಿಗಾಗಿ ಹೇಳುತ್ತೇವೆ. ಆ ಭಾಷೆಯಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದ ಇವೆ. ಡೇರಿ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಪರಿಚಯದವರು ಬಂದು ‘ಮನಮು ಪೋದಾಮು’ ಎಂದರೆ ನೀವೂ ಗಾಡಿ ಹತ್ತಬೇಕು. ‘ಮೇಮು ಪೋತಾಮು’ ಎಂದರೆ ಅವರು ಹೊರಟರು, ನೀವು ಕ್ಯಾನು ಹಿಡಿದು ಅಲ್ಲೇ ನಿಂತಿರಿ. ಮೊದಲನೆಯದರಲ್ಲಿ ಕೇಳುವವರೂ ಸೇರಿದ್ದಾರೆ, ಎರಡನೆಯದರಲ್ಲಿ ಸೇರಿಲ್ಲ. ‘ಮನ ಊರು’ ಎಂದರೆ ನಿನ್ನದೂ ನನ್ನದೂ ಆದ ಊರು. ‘ಮಾ ಊರು’ ಎಂದರೆ ನಮ್ಮದು, ನೀನು ಬೇರೆ ಊರಿನವನು. ಕನ್ನಡದಲ್ಲಿ ‘ಹೋಗೋಣ’ ಎಂಬ ಕ್ರಿಯಾಪದದ ಬಾಲದಲ್ಲಿ ಸ್ವಲ್ಪ ಈ ಗುಣ ಇದೆ, ಆದರೆ ‘ನಾವು’, ‘ನಮ್ಮ’ ಎರಡಕ್ಕೂ ಒಂದೇ. ‘ನಮ್ಮ ದುಡ್ಡು’ ಎಂದಾಗ ಯಾರ್ಯಾರ ದುಡ್ಡು ಎಂದು ಪದ ನೋಡಿ ಹೇಳಲಿಕ್ಕಾಗದು.

ಹಾಗಾಗಿ ನಮ್ಮ ಹೋಬಳಿಯಲ್ಲಿ ಮತ ಕೇಳುವವರು ಒಂದು ಪದ ಆರಿಸಿಕೊಳ್ಳಲೇಬೇಕು, ಕನ್ನಡದ ಮರೆಯಲ್ಲಿ ನಿಲ್ಲಲು ಆಗುವುದಿಲ್ಲ. ಪ್ರಚಾರದ ಕಾಲಕ್ಕೆ ಅವರು ಆರಿಸುವುದು ಯಾವಾಗಲೂ ‘ಮನ’. ಮನ ನೀಳ್ಳು, ಮನ ರೋಡ್ಡು, ಮನ ಬಿಡ್ಡಲು. ನಮ್ಮ ನೀರು, ನಮ್ಮ ರಸ್ತೆ, ನಮ್ಮ ಮಕ್ಕಳು.

ಇದನ್ನು ಕೇಳಿ ಜನ ಕರಗುತ್ತಾರೆಂದು ನಗುವುದು ಸುಲಭ. ನಮಗೆ ನಗು ಬರುವುದಿಲ್ಲ. ಸರ್ಕಾರಿ ಕಾಗದ ನಿಮ್ಮನ್ನು ಏನೆಂದು ಕರೆಯುತ್ತದೆ? ‘ಅರ್ಹ ಫಲಾನುಭವಿ’, ‘ಅರ್ಜಿದಾರ’, ‘ಸದರಿ ವ್ಯಕ್ತಿ’. ನಾಡಕಚೇರಿ ಕಿಟಕಿಯಲ್ಲಿ ಅರ್ಜಿ ಹಿಡಿದು ನಿಂತ ಅಜ್ಜಿಗೆ ತನ್ನ ಮನೆ ಭಾಷೆಯಲ್ಲಿ, ತನ್ನ ಮಗ ಮಾತಾಡುವ ಯಾಸೆಯಲ್ಲಿ ಒಬ್ಬರು ‘ಅಮ್ಮಾ, ಬಾಗುನ್ನಾವಾ’ ಎಂದು ಫೋನಿನಲ್ಲಿ ಕೇಳಿದರೆ ಅದಕ್ಕೆ ಬೆಲೆ ಇದೆ. ಹತ್ತು ವರ್ಷ ಯಾರೂ ಕೇಳದ ಮಾತು ಅದು. ಈ ಪ್ರಚಾರದ ಭಾಷೆ ಹುಟ್ಟಿಕೊಂಡದ್ದೇ ಆ ಖಾಲಿ ಜಾಗದಲ್ಲಿ.

ತೊಂದರೆ ಶುರುವಾಗುವುದು ಫಲಿತಾಂಶ ಬಂದ ಮೇಲೆ. ಪದ ಬದಲಾಗುತ್ತದೆ. ‘ಮೇಮು ಇಚ್ಚಿನಾಮು’. ನಾವು ಕೊಟ್ಟೆವು. ನೀರು ಬಂದಾಗ ಅದು ಮನ ನೀಳ್ಳು ಅಲ್ಲ, ಅವರು ಕೊಟ್ಟದ್ದು. ಪೈಪು ಒಡೆದಾಗ ಮಾತ್ರ ಮತ್ತೆ ‘ಮನಮೇ ಸರ್ದುಕೋವಾಲ’, ನಾವೇ ಸರಿಪಡಿಸಿಕೊಳ್ಳಬೇಕು. ಈ ಅದಲು ಬದಲು ನಡೆಯುವುದನ್ನು ಐದು ವರ್ಷದ ಸ್ಟೇಟಸ್‌ಗಳಲ್ಲಿ ಸಾಲಾಗಿ ನೋಡಬಹುದು.

ನೀರಿನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ‘ಶಾಶ್ವತ ನೀರಾವರಿ’ ಎಂಬ ಮಾತಿಲ್ಲದೆ ಯಾವ ಚುನಾವಣೆಯೂ ನಡೆದಿಲ್ಲ. ಆ ಮಾತು ಹುಟ್ಟಿದ್ದು ಹೋರಾಟದಲ್ಲಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೋದ ರೈತರಿಂದ. ಈಗ ಅದು ಪೋಸ್ಟರಿನಲ್ಲಿದೆ. ಎತ್ತಿನಹೊಳೆಗೆ 2014ರಲ್ಲಿ ಶಂಕುಸ್ಥಾಪನೆಯಾದಾಗ ಅಂದಾಜು 12,912 ಕೋಟಿ ರೂಪಾಯಿ. 2023ರಲ್ಲಿ ಅದು 23 ಸಾವಿರ ಕೋಟಿ ದಾಟಿತು. 2024ರ ಗೌರಿ ಹಬ್ಬದ ದಿನ, ಸೆಪ್ಟೆಂಬರ್ 6ಕ್ಕೆ, ಸಕಲೇಶಪುರದ ಬಳಿ ಮೊದಲ ಹಂತ ಉದ್ಘಾಟನೆಯಾಯಿತು. ಅಷ್ಟರೊಳಗೆ 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೆರೆಗೆ ಬಿಡುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂದು ಲೆಕ್ಕ. ಅಂತರ್ಜಲ ಮೇಲೆ ಬಂತೆಂದು ಸಂತೋಷಪಟ್ಟವರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ಕೋರ್ಟಿಗೆ ಹೋದವರೂ ಇದ್ದಾರೆ. ಎರಡೂ ನ್ಯಾಯವಾದ ಮಾತು. ಫೋನಿನಲ್ಲಿ ಬಂದದ್ದು ಮಾತ್ರ ಒಂದೇ: ‘ಆಧುನಿಕ ಭಗೀರಥ’. ಪಕ್ಷಕ್ಕೊಬ್ಬ, ತಾಲ್ಲೂಕಿಗಿಬ್ಬ. ಪುರಾಣದಲ್ಲಿ ಗಂಗೆ ತರಲು ಒಬ್ಬ ಭಗೀರಥ ಸಾಕಾಗಿತ್ತು. ನಮ್ಮಲ್ಲಿ ಭಗೀರಥರು ಬೇಕಾದಷ್ಟಿದ್ದಾರೆ, ಗಂಗೆಯದ್ದೇ ಕೊರತೆ. ನೀರನ್ನು ಯಾವ ಮಟ್ಟಕ್ಕೆ ಶುದ್ಧ ಮಾಡುತ್ತಾರೆ, ಯಾವ ಕೆರೆ ಪಟ್ಟಿಯಲ್ಲಿದೆ, ಯಾವುದು ಬಿಟ್ಟುಹೋಯಿತು ಎಂದು ಕೇಳಿದರೆ ಭಗೀರಥನಿಗೆ ಅವಮಾನ.

ಇನ್ನೊಂದು ಪದ ಇದೆ, ‘ಮನೋಡು’. ನಮ್ಮವನು. ಇದನ್ನು ಪೋಸ್ಟರಿನಲ್ಲಿ ಹಾಕುವುದಿಲ್ಲ, ಬಾಯಲ್ಲೇ ಹೇಳುತ್ತಾರೆ, ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಾರೆ. ಮೇಲ್ನೋಟಕ್ಕೆ ನಮ್ಮೂರಿನವನು ಎಂದು ಅರ್ಥ. ಒಳಗಿನ ಅರ್ಥ ಬೈರಕೂರಿನಲ್ಲಿ ಹತ್ತು ವರ್ಷದ ಮಗುವಿಗೂ ಗೊತ್ತು: ನಮ್ಮ ಜಾತಿಯವನು. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಭ್ರಷ್ಟ ನಡವಳಿಕೆ. ಅಭ್ಯರ್ಥಿಯ ಜಾತಿ ಮಾತ್ರವಲ್ಲ, ಮತದಾರರ ಜಾತಿ ಹೇಳಿ ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪು ಕೊಟ್ಟಿತು. ಆದರೆ ‘ಮನೋಡು’ ಯಾವ ಜಾತಿಯ ಹೆಸರು? ಯಾವುದೂ ಅಲ್ಲ. ಕಾನೂನಿನ ಬಲೆಗೆ ಬೀಳದ ಸಣ್ಣ ಮೀನು ಅದು.

ಮುಳಬಾಗಿಲು ಮೀಸಲು ಕ್ಷೇತ್ರ. ಸ್ಪರ್ಧಿಸುವವರೆಲ್ಲಾ ಪರಿಶಿಷ್ಟ ಜಾತಿಯವರೇ ಆದಾಗ ‘ಮನೋಡು’ ಎಂಬ ಪದ ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಎಡಗೈ, ಬಲಗೈ, ಭೋವಿ ಎಂದು ಇನ್ನೂ ಸಣ್ಣಕ್ಕೆ ಸೀಳಿಕೊಂಡಿತು. ಮತ್ತೊಂದು ಕಡೆ, ಪಕ್ಷದ ಬಲವಿಲ್ಲದವರಿಗೆ ಅದೇ ಆಸರೆಯಾಯಿತು. 2013ರಲ್ಲಿ ಇಲ್ಲಿ ಗೆದ್ದ ಕೊತ್ತೂರು ಮಂಜುನಾಥ್ ಪಕ್ಷೇತರರು. 2018ರಲ್ಲಿ ಜಾತಿ ಪ್ರಮಾಣಪತ್ರದ ತಕರಾರಿನಲ್ಲಿ ಅವರ ನಾಮಪತ್ರ ತಿರಸ್ಕೃತವಾಯಿತು. ಆಗ ಗೆದ್ದ ಎಚ್. ನಾಗೇಶ್ ಅವರೂ ಪಕ್ಷೇತರರೇ. ಸತತ ಎರಡು ಸಲ ಪಕ್ಷೇತರರನ್ನು ಗೆಲ್ಲಿಸಿದ ಕ್ಷೇತ್ರ ರಾಜ್ಯದಲ್ಲಿ ಎಷ್ಟಿವೆ? ಪ್ರಣಾಳಿಕೆ ಇಲ್ಲದೆ, ಹಳೇ ಚಿಹ್ನೆ ಇಲ್ಲದೆ ಕೆಲವೇ ವಾರಗಳಲ್ಲಿ ಊರೂರಿಗೆ ಮುಟ್ಟಬೇಕಾದರೆ ಸಂಬಂಧದ ಭಾಷೆಯೇ ಗತಿ. ಅಣ್ಣ, ಮಗ, ಮನೋಡು. ಇದು ದೊಡ್ಡ ಪಕ್ಷಗಳಿಗೂ ಗೊತ್ತಾಗಿದೆ. 2022ರ ನವೆಂಬರ್‌ನಲ್ಲಿ ಜೆಡಿಎಸ್‌ನ ಪಂಚರತ್ನ ರಥಯಾತ್ರೆ ಶುರುವಾದದ್ದು ಮುಳಬಾಗಿಲಿನಿಂದ. ಮೂರು ತಿಂಗಳೂ ಆಗಿರಲಿಲ್ಲ, ಕಾಂಗ್ರೆಸ್ಸಿನವರೂ ಪ್ರಜಾಧ್ವನಿ ಯಾತ್ರೆಗೆ ಕುರುಡುಮಲೆ ವಿನಾಯಕನ ಹತ್ತಿರ ಬಂದರು. ಗಣಪ ಇಬ್ಬರಿಗೂ ಮನೋಡೇ.

ಈ ಪದಕ್ಕೆ ಒಂದು ಬೆನ್ನು ಇದೆ. ಒಬ್ಬ ಮನೋಡು ಆದರೆ ಮತ್ತೊಬ್ಬ ಆಗುವುದಿಲ್ಲ. ಅದು ನಮಗೆ ಚುರುಕ್ಕೆಂದದ್ದು ದೂರದ ಮಂಡ್ಯದಿಂದ. 2019ರ ಲೋಕಸಭಾ ಚುನಾವಣೆ ನೆನಪಿರಬಹುದು. ಸುಮಲತಾ ಅವರು ಪಕ್ಷೇತರರಾಗಿ ನಿಂತು ‘ಸ್ವಾಭಿಮಾನ’ ಎಂದರು, ಮಂಡ್ಯದ ಸೊಸೆ ಎಂದರು. ಯಶ್, ದರ್ಶನ್ ಜೋಡೆತ್ತು ಎಂದರೆ ಆ ಕಡೆಯಿಂದ ಕಳ್ಳೆತ್ತು ಎಂಬ ಉತ್ತರ. ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತು ಚಿಕ್ಕ ಮಕ್ಕಳ ಬಾಯಲ್ಲೂ ಬಂತು. ಇದೆಲ್ಲಾ ಬೈರಕೂರಿನಲ್ಲೂ ಕಟ್ಟೆ ಮೇಲೆ ಕೂತು ನೋಡಿ ನಕ್ಕ ವಿಡಿಯೊಗಳೇ. ಅದರ ಮಧ್ಯೆ ಆಗಿನ ಸಂಸದರೊಬ್ಬರು, ಅವರು ಗೌಡ್ತಿಯೇ ಅಲ್ಲ, ನಾಯ್ಡು ಎಂದುಬಿಟ್ಟರು. ಆ ತುಣುಕು ನಮ್ಮ ಗ್ರೂಪುಗಳಿಗೂ ಬಂತು. ತೆಲುಗು ಮಾತಾಡುವ ಮನೆಗಳಲ್ಲಿ ಅದನ್ನು ಎರಡನೇ ಸಲ ಹಾಕಿ ಕೇಳಿದರು. ಯಾರೂ ನಗಲಿಲ್ಲ. ತಲೆಮಾರುಗಳಿಂದ ಕರ್ನಾಟಕದ ಮಣ್ಣಿನಲ್ಲಿ ರಾಗಿ ಬೆಳೆದವರಿಗೆ, ಯಾರದೋ ಎಣಿಕೆಯಲ್ಲಿ ತಾವು ‘ಮನ’ ಅಲ್ಲ ಎಂದು ತಿಳಿದ ಹೊತ್ತು ಅದು. ಮಂಡ್ಯದ ಮತದಾರರು ಸುಮಲತಾ ಅವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದರು ಎನ್ನುವುದು ಬೇರೆ ಮಾತು.

ಯಾನ್-ವೆರ್ನರ್ ಮ್ಯೂಲರ್ ಎಂಬ ಜರ್ಮನ್ ವಿದ್ವಾಂಸರು 2016ರಲ್ಲಿ ಈ ಬಗೆಯ ರಾಜಕೀಯದ ಮೇಲೆ ಒಂದು ಸಣ್ಣ ಪುಸ್ತಕ ಬರೆದರು. ಜನರ ಪರ ಮಾತಾಡುವುದು, ದೊಡ್ಡವರನ್ನು ಬೈಯುವುದು ಇದರ ಗುರುತಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ ಎನ್ನುತ್ತಾರೆ ಅವರು. ನಾವು ಮಾತ್ರವೇ ನಿಜವಾದ ಜನ, ನಮ್ಮನ್ನು ಒಪ್ಪದವರು ಜನರೇ ಅಲ್ಲ ಎನ್ನುವುದು ಇದರ ಗುರುತು. ಟರ್ಕಿ, ಹಂಗೇರಿ, ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಷ್ಟು ದೂರ ಹೋಗದೆ ನಮ್ಮ ತೆಲುಗಿನಲ್ಲಿ ಹೇಳುವುದಾದರೆ, ‘ಮೇಮು’ ಬಂದು ‘ಮನಮು’ ವೇಷ ಹಾಕುವುದು.

ವೇಷದ ಇನ್ನೊಂದು ತುದಿ ಕತ್ತರಿ. 2019ರ ಏಪ್ರಿಲ್ 13ರಂದು ಕೋಲಾರದ ಸಭೆಯಲ್ಲಿ ರಾಹುಲ್ ಗಾಂಧಿ ಮಾತಾಡಿದರು. ನೀರವ್, ಲಲಿತ್, ನರೇಂದ್ರ ಎಂದು ಮೂರು ಹೆಸರು ಹೇಳಿ, ಕಳ್ಳರಿಗೆಲ್ಲಾ ಮೋದಿ ಎಂಬ ಹೆಸರೇ ಯಾಕಿದೆ ಎಂಬ ಅರ್ಥದ ಮಾತಾಡಿದರು. ಸಭೆಗೆ ಹಿಡಿಸುವ ಮಾತು, ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆಯ ತುಣುಕು ಕೋಲಾರ ಬಿಟ್ಟು ಸೂರತ್‌ವರೆಗೆ ಹೋಯಿತು. 2023ರ ಮಾರ್ಚ್ 23ರಂದು ಅಲ್ಲಿನ ನ್ಯಾಯಾಲಯ ಎರಡು ವರ್ಷ ಶಿಕ್ಷೆ ಕೊಟ್ಟಿತು, ಮರುದಿನ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಬಂತು. ನಮ್ಮ ಜಿಲ್ಲೆಯ ಮೈದಾನದಲ್ಲಿ ಆಡಿದ ಒಂದು ವಾಕ್ಯ ದೇಶದ ಸಂಸತ್ತಿನ ಹಾಜರಿ ಪುಸ್ತಕ ತಿದ್ದಿತು. ಒಂದು ಹೆಸರಿಟ್ಟುಕೊಂಡವರನ್ನೆಲ್ಲಾ ಒಂದೇ ಚೀಲಕ್ಕೆ ತುಂಬುವ ಮಾತು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಅಷ್ಟು ಶಿಕ್ಷೆಗೆ ತಕ್ಕ ತಪ್ಪೇ ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕಿಂತ ನಮ್ಮನ್ನು ಕಾಡುವುದು ಬೇರೆ. ಅಂದು ಕೋಲಾರದ ರೈತರ ಬಗ್ಗೆ, ನೀರಿನ ಬಗ್ಗೆ, ಟೊಮೆಟೊ ಬಗ್ಗೆ ಯಾರು ಏನು ಹೇಳಿದರು ಎಂದು ಕೇಳಿ ನೋಡಿ. ಒಬ್ಬರಿಗೂ ನೆನಪಿಲ್ಲ. ಕತ್ತರಿಸುವವರಿಗೆ ಅದು ಬೇಕಾಗಿರಲಿಲ್ಲ.

ಇಷ್ಟೆಲ್ಲಾ ಬೈದ ಮೇಲೆ ಒಂದು ಮಾತಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆ: ‘ಗ್ಯಾರಂಟಿ’. ಪಟ್ಟಣದ ಟಿವಿಗಳಲ್ಲಿ ಕೂತವರು ಇದನ್ನೇ ಜನರನ್ನು ಮರುಳು ಮಾಡುವ ಭಾಷೆ ಎಂದರು. ಯೋಚಿಸಿ ನೋಡಿ. ಬೋರ್‌ವೆಲ್ ಮೋಟರು ಸುಟ್ಟು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದವರಿಗೆ ಈ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಪ್ರಶ್ನೆಯೇ ‘ಎಷ್ಟು ತಿಂಗಳ ಗ್ಯಾರಂಟಿ ಅಣ್ಣಾ?’ ಅವರು ಚೀಟಿ ಮೇಲೆ ತಾರೀಖು ಬರೆದುಕೊಡುತ್ತಾರೆ. 2023ರಲ್ಲಿ ಕಾಂಗ್ರೆಸ್ಸಿನವರು ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಸಹಿ ಇರುವ ಕಾರ್ಡನ್ನು ಮನೆ ಮನೆಗೆ ಕೊಟ್ಟರು. ತಿಂಗಳಿಗೆ 2,000 ರೂಪಾಯಿ, 200 ಯೂನಿಟ್, 10 ಕಿಲೊ. ಕೊಡುವುದು ಸರಿಯೋ ತಪ್ಪೋ, ಖಜಾನೆಗೆ ಭಾರವೋ ಎಂದು ಬೇಕಾದಷ್ಟು ಜಗಳ ಆಡಬಹುದು. ಆದರೆ ಸಂಖ್ಯೆ ಇದೆ. ಗೃಹಲಕ್ಷ್ಮಿ ಕಂತು ತಡವಾದರೆ ಹೆಂಗಸರು ‘ಮೂರು ತಿಂಗಳದು ಬಾಕಿ’ ಎಂದು ಬೆರಳು ಮಡಿಚಿ ಕೇಳುತ್ತಾರೆ, ಹತ್ತು ಕಿಲೊ ಅಕ್ಕಿಯಲ್ಲಿ ಐದಕ್ಕೆ ಬದಲು ದುಡ್ಡು ಬಂದಾಗಲೂ ಕೇಳಿದರು. ‘ಮನೆ ಮಗ’ನನ್ನು ಯಾವ ಬೆರಳು ಮಡಿಚಿ ಕೇಳುವುದು? ಆ ಪದದ ಶಕ್ತಿ ಎಷ್ಟೆಂದರೆ ಮರುವರ್ಷ ಬಿಜೆಪಿಯ ಲೋಕಸಭಾ ಪ್ರಣಾಳಿಕೆಯ ಹೆಸರೂ ‘ಮೋದಿ ಕಿ ಗ್ಯಾರಂಟಿ’ ಆಯಿತು. ಅಲ್ಲಿಗೆ ಅದೂ ನಿಧಾನಕ್ಕೆ ಸಂಖ್ಯೆಯಿಂದ ಮುಖದ ಕಡೆಗೆ ಸರಿಯಿತು ಎನ್ನಬಹುದು. ‘40 ಪರ್ಸೆಂಟ್’ ಎಂಬ ಮಾತು, ಆಗಿನ ಮುಖ್ಯಮಂತ್ರಿಯ ಮುಖವನ್ನು ಕ್ಯೂಆರ್ ಕೋಡಿನಲ್ಲಿ ಕೂರಿಸಿದ 2022ರ ‘ಪೇಸಿಎಂ’ ಪೋಸ್ಟರು ಹಳ್ಳಿಗೂ ತಲುಪಿದ್ದಕ್ಕೆ ಕಾರಣವೂ ಆ ಸಂಖ್ಯೆಯೇ. ಚರಂಡಿ ಬಿಲ್ಲಿನಲ್ಲಿ ಪರ್ಸೆಂಟು ಏನೆಂದು ಗೊತ್ತಿಲ್ಲದವರು ಯಾರು?

ನಮ್ಮ ಕಡೆಯ ಒಂದು ಗ್ರೂಪಿನಲ್ಲಿ ಹೀಗಾಯಿತು. ಒಬ್ಬ ಮುಖಂಡರ ರೀಲ್ಸ್ ಬಂತು. ಹೊಸ ಸಿಮೆಂಟ್ ರಸ್ತೆ, ಡ್ರೋನ್ ಶಾಟು, ‘ಮಾತಿನಂತೆ ನಡೆದ ಮನೆ ಮಗ’. ನಾವು ಕೆಳಗೆ ಎರಡು ಸಾಲು ಬರೆದೆವು: ಯಾವ ಯೋಜನೆಯ ದುಡ್ಡು, ಎಷ್ಟು ಮೀಟರು? ಸುದ್ದಿಗೆ ಬೇಕಿತ್ತು, ಅಷ್ಟೇ. ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ. ‘ನೀವು ಯಾರ ಕಡೆ?’ ‘ಊರಿಗೆ ಒಳ್ಳೇದಾದ್ರೆ ಹೊಟ್ಟೆ ಉರಿಯಾ?’ ಒಬ್ಬರು ನಯವಾಗಿಯೇ ಕೇಳಿದರು: ‘ಮನೆ ಮಗನ್ನ ಲೆಕ್ಕ ಕೇಳ್ತಾರಾ ಸಾರ್?’ ಮೀಟರು ಎಷ್ಟೆಂದು ಯಾರೂ ಹೇಳಲಿಲ್ಲ. ಸಂಜೆಗೆ ಅಡ್ಮಿನ್ ನಮ್ಮನ್ನು ಗ್ರೂಪಿನಿಂದ ತೆಗೆದಿದ್ದರು.

ಆ ನಯವಾದ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಮನೆ ಮಗನನ್ನು ಲೆಕ್ಕ ಕೇಳುವುದಿಲ್ಲವೇ? ನಮ್ಮ ಕಡೆಯ ಯಾವ ಮನೆಯಲ್ಲಿ? ವಡ್ಡಹಳ್ಳಿ ಮಂಡಿಗೆ ಟೊಮೆಟೊ ಹಾಕಿಕೊಂಡು ಹೋದ ಮಗ ವಾಪಸ್ ಬಂದರೆ ಚಪ್ಪಲಿ ಬಿಡುವುದರೊಳಗೆ ಅಪ್ಪ ಕೇಳುತ್ತಾರೆ: ಬಾಕ್ಸು ಎಷ್ಟಕ್ಕೆ ಹೋಯ್ತು, ಕಮಿಷನ್ ಎಷ್ಟು ಹಿಡಿದ್ರು, ಟೆಂಪೊ ಬಾಡಿಗೆ ಕೊಟ್ಟೆಯಾ, ಮಂಡಿ ಚೀಟಿ ಎಲ್ಲಿ? ಹೊರಗಿನವರನ್ನು ಇಷ್ಟು ಬಾಯಿ ಬಿಟ್ಟು ಕೇಳಲಾಗುವುದಿಲ್ಲ, ಮಗನನ್ನು ಕೇಳಬಹುದು. ಮಗ ಎನ್ನುವುದರ ಉಪಯೋಗವೇ ಅದು. ಪ್ರಚಾರದ ಭಾಷೆ ಸಂಬಂಧದ ಹೆಸರನ್ನು ಮಾತ್ರ ತೆಗೆದುಕೊಂಡು ಮಂಡಿ ಚೀಟಿಯನ್ನು ಬಿಟ್ಟುಬಂದಿದೆ.

ಚುನಾವಣಾ ಆಯೋಗದವರು ಸುಮ್ಮನಿದ್ದಾರೆಂದೇನೂ ಅಲ್ಲ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಅಭ್ಯರ್ಥಿ ತನ್ನ ಸೋಶಿಯಲ್ ಮೀಡಿಯಾ ಖಾತೆಗಳನ್ನು ಹೇಳಬೇಕು. ಅದರ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಖರ್ಚು ಲೆಕ್ಕಕ್ಕೆ ಸೇರಿಸಬೇಕು. ವಿಧಾನಸಭೆಗೆ ಒಟ್ಟು ಖರ್ಚಿನ ಮಿತಿ 40 ಲಕ್ಷ. ಸುಳ್ಳು ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕೆಂದು 2024ರ ಮೇನಲ್ಲಿ ಪಕ್ಷಗಳಿಗೆ ಸೂಚಿಸಿದ್ದಾರೆ. ಆದರೆ ನಮ್ಮ ಕಡೆ ಓಡಾಡುವ ವಿಡಿಯೊಗಳು ಅಭ್ಯರ್ಥಿಯ ಖಾತೆಯಿಂದ ಬರುವುದೇ ಅಪರೂಪ. ‘ಅಣ್ಣನ ಅಭಿಮಾನಿ ಬಳಗ’ದಿಂದ ಬರುತ್ತವೆ. ಬಳಗಕ್ಕೆ ಪ್ರಮಾಣಪತ್ರ ಇಲ್ಲ, ಖರ್ಚಿನ ಮಿತಿ ಇಲ್ಲ. ಗಿಂಬಲ್ ಹಿಡಿದು ಓಡುವ ಹುಡುಗನಿಗೆ ಪೆಟ್ರೋಲು ಯಾರು ಹಾಕಿಸಿದರು ಎಂಬುದು ಬಂಕಿನವರಿಗೆ ಮಾತ್ರ ಗೊತ್ತು. ಆ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಡಿಗ್ರಿ ಮುಗಿಸಿ ನರಸಾಪುರದ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವುದೋ, ಅಣ್ಣನ ಹಿಂದೆ ಕ್ಯಾಮೆರಾ ಹಿಡಿಯುವುದೋ ಎಂದರೆ ಎರಡನೆಯದರಲ್ಲಿ ಊರಲ್ಲಿ ಮರ್ಯಾದೆ ಜಾಸ್ತಿ.

ಕೊನೆಗೊಂದು ವಿಷಯ, ಇದು ಯಾವ ರೀಲ್ಸ್‌ನಲ್ಲೂ ಬರುವುದಿಲ್ಲ. ‘ಅಧಿಕಾರ ನಿಮ್ಮ ಕೈಗೆ’, ‘ಜನರೇ ದೇವರು’ ಎಂದು ಎಲ್ಲಾ ಪಕ್ಷದವರೂ ಹಾಡುತ್ತಾರೆ. ಬೈರಕೂರಿನ ರಸ್ತೆ, ಶಾಲೆ ಕಟ್ಟಡ, ಕುಡಿಯುವ ನೀರಿನ ಬಗ್ಗೆ ಕೂತು ಮಾತಾಡಬೇಕಾದ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣಗಳು ಬದಲಾದವು. ಬೆಂಗಳೂರಿನಲ್ಲಿ ಸರ್ಕಾರವೂ ಬದಲಾಯಿತು. ನಿಮ್ಮ ಊರಿನವರು, ನಿಮ್ಮ ಬೀದಿಯಲ್ಲಿ ಎದುರಾಗುವವರು, ಶಾಸಕರನ್ನು ಸಭೆಯಲ್ಲಿ ನಿಲ್ಲಿಸಿ ಕೇಳಬಹುದಾಗಿದ್ದವರು ಕೂರಬೇಕಾದ ಕುರ್ಚಿಗಳು ಅವು. ಅಲ್ಲಿ ಅಧಿಕಾರಿಗಳು ಕೂತರು.

ಹಬ್ಬಕ್ಕೆ ತಪ್ಪದೆ ಮೆಸೇಜು ಕಳಿಸುವ ಮನೆ ಮಕ್ಕಳಲ್ಲಿ ಒಬ್ಬರಾದರೂ, ಯಾವ ಪಕ್ಷದವರಾದರೂ ಸರಿ, ಈ ಚುನಾವಣೆ ಯಾಕೆ ನಡೆಸಲಿಲ್ಲ ಎಂದು ಕೇಳಿ ಮಾಡಿದ ಮೂವತ್ತು ಸೆಕೆಂಡಿನ ವಿಡಿಯೊ ನಿಮ್ಮ ಫೋನಿಗೆ ಬಂದಿದ್ದರೆ ದಯವಿಟ್ಟು ನಮಗೂ ಫಾರ್ವರ್ಡ್ ಮಾಡಿ. ತೆಲುಗಿನಲ್ಲಿದ್ದರೂ ಪರವಾಗಿಲ್ಲ.